ಸಮೋವನ್ ಮನೆಯವರ ಜೊತೆ ಶಾಲಾ ರಜೆಗೆ ಸಮೋವಾಕ್ಕೆ: ಟಿಕೆಟ್‌ನಿಂದ ಭಾನುವಾರದ ಊಟದವರೆಗೆ

ಆಕ್ಲೆಂಡಿನಲ್ಲಿ ಶಾಲಾ ರಜೆ ಹತ್ತಿರ ಬಂತೆಂದರೆ ಒಂದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. "ಮಗಳ ಗೆಳತಿ ಸಮೋವಾದವಳು. ಅವರ ಮನೆಯವರು ರಜೆಗೆ ಊರಿಗೆ ಹೊರಟಿದ್ದಾರೆ, ನೀವೂ ಬನ್ನಿ ಅಂತ ಕರೀತಿದ್ದಾರೆ. ಹೋಗಬಹುದಾ? ಊಟಕ್ಕೇನು? ಏನು ತಗೊಂಡು ಹೋಗಬೇಕು?" ಪಾಪಟೊಯ್‌ಟೊಯ್, ಮಾಂಗೆರೆ, ಮನುರೇವಾ ಕಡೆ ಇರುವ ಕನ್ನಡದವರಿಗೆ ಇದು ಹೊಸದೇನಲ್ಲ, ಬೇಲಿಯಾಚೆಗೇ ಸಮೋವನ್ ಮನೆ ಇರುತ್ತದೆ. ನ್ಯೂಜಿಲೆಂಡಿನಲ್ಲಿರುವ ಸಮೋವನ್ನರು 2018ರ ಜನಗಣತಿಯಲ್ಲೇ 1,82,000 ದಾಟಿದ್ದರು. ಪೆಸಿಫಿಕ್ ಸಾಗರದ ದ್ವೀಪದೇಶ ಸಮೋವಾದ ಜನಸಂಖ್ಯೆಯೇ ಸುಮಾರು 2 ಲಕ್ಷ. ಹಾಗಾಗಿ ರಜೆಯಲ್ಲಿ ಅಲ್ಲಿಯ ರಾಜಧಾನಿ ಆಪಿಯಾದ ವಿಮಾನ ಹತ್ತುವವರಲ್ಲಿ ಬಹಳ ಜನ ಟೂರಿಸ್ಟುಗಳಲ್ಲ, ಅಜ್ಜಿಮನೆಗೆ ಹೊರಟವರು.

ಹೋಗಬಹುದು, ಖಂಡಿತ ಹೋಗಿ. ಆದರೆ ಇದು ರೆಸಾರ್ಟ್ ರಜೆ ಅಲ್ಲ ಅನ್ನುವುದು ಮೊದಲೇ ತಲೆಯಲ್ಲಿರಲಿ. ಅವರಿಗೆ ಊರು, ಹಿರಿಯರು, ಚರ್ಚು ಮೊದಲು. ಬೀಚು, ಜಲಪಾತ ಎಲ್ಲ ಆಮೇಲೆ. ನೋಡಬೇಕಾದ ಜಾಗಗಳ ಪಟ್ಟಿ ಹಿಡಿದುಕೊಂಡು ಹೋಗಿ "ಇವತ್ತು ಇಲ್ಲಿಗೆ, ನಾಳೆ ಅಲ್ಲಿಗೆ" ಎಂದು ಒತ್ತಾಯಿಸಿದರೆ ಎರಡೂ ಕಡೆಯವರಿಗೆ ಬೇಜಾರಾಗುತ್ತದೆ. ಅವರ ದಿನಚರಿಯ ನಡುವೆ ಸಿಗುವ ಬಿಡುವಿನಲ್ಲಿ ನಿಮ್ಮ ಸುತ್ತಾಟ ಹೊಂದಿಸಿಕೊಳ್ಳಿ. ಕೆಳಗೆ ಹೇಳುವುದೆಲ್ಲ ಅದನ್ನು ಹೇಗೆ ಮಾಡುವುದು ಎಂದೇ.

ಮೊದಲು ಕೆಲವು ಮಾತು ಗೊತ್ತಿರಲಿ. ಐಂಗಾ ಎಂದರೆ ಕುಟುಂಬ, ಆದರೆ ಗಂಡ ಹೆಂಡತಿ ಮಕ್ಕಳು ಅಷ್ಟೇ ಅಲ್ಲ, ಚಿಕ್ಕಪ್ಪ ದೊಡ್ಡಪ್ಪ ಅತ್ತೆ ಅವರ ಮಕ್ಕಳು ಎಲ್ಲ ಸೇರಿ. ಮತಾಯಿ ಎಂದರೆ ಆ ಕುಟುಂಬದ ಬಿರುದುಳ್ಳ ಮುಖ್ಯಸ್ಥ. ಫಾಲೆ ಎಂದರೆ ಮನೆ, ಹಳೆಯ ಮಾದರಿಯದಾದರೆ ಗೋಡೆಯೇ ಇಲ್ಲದೆ ಕಂಬಗಳ ಮೇಲೆ ನಿಂತಿರುತ್ತದೆ. ಲವಲವ ಎಂದರೆ ಗಂಡಸರು ಹೆಂಗಸರು ಇಬ್ಬರೂ ಸೊಂಟಕ್ಕೆ ಸುತ್ತಿಕೊಳ್ಳುವ ಬಟ್ಟೆ. ಹಾಗೆಯೇ ಇಂಗ್ಲಿಷ್ ಅಕ್ಷರದಲ್ಲಿ 'ಜಿ' ಎಂದು ಬರೆದದ್ದನ್ನು ಅವರು ಮೂಗಿನಲ್ಲಿ 'ಙ' ಎನ್ನುತ್ತಾರೆ. ಬಸ್ಸಿನಲ್ಲಿ ಊರ ಹೆಸರು ಕೇಳುವಾಗ ಇದು ಬೇಕಾಗುತ್ತದೆ.

1. ಯಾವ ರಜೆಗೆ ಹೋಗುವುದು

ಜುಲೈನ ಎರಡು ವಾರದ ರಜೆ ಎಲ್ಲಕ್ಕಿಂತ ಒಳ್ಳೆಯದು. ಮೇಯಿಂದ ಅಕ್ಟೋಬರ್‌ವರೆಗೆ ಅಲ್ಲಿ ಮಳೆ ಕಡಿಮೆ, ಗಾಳಿ ತಂಪು. ಇಲ್ಲಿ ಚಳಿಯಲ್ಲಿ ನಡುಗುವ ಹೊತ್ತಿಗೆ ಅಲ್ಲಿ ಮಕ್ಕಳು ನೀರಿನಲ್ಲಿ ಆಡಬಹುದು. ಅಕ್ಟೋಬರಿನ ಎರಡನೇ ಭಾನುವಾರ 'ವೈಟ್ ಸಂಡೇ', ಅಂದರೆ ಮಕ್ಕಳ ಹಬ್ಬ. ಮಕ್ಕಳು ಬಿಳಿ ಬಟ್ಟೆ ತೊಟ್ಟು ಚರ್ಚಿನಲ್ಲಿ ಹಾಡು, ನಾಟಕ, ಬಾಯಿಪಾಠ ಒಪ್ಪಿಸುತ್ತಾರೆ. ಬೇರೆ ದಿನ ಹಿರಿಯರ ಊಟ ಆದ ಮೇಲೆ ಮಕ್ಕಳಿಗೆ, ಆ ದಿನ ಮಕ್ಕಳಿಗೇ ಮೊದಲು. ಮಾರನೇ ದಿನ ಸೋಮವಾರ ಸರ್ಕಾರಿ ರಜೆ. ಕೆಲವು ವರ್ಷ ಇದು ನ್ಯೂಜಿಲೆಂಡಿನ ವಸಂತದ ರಜೆಯ ಕೊನೆಗೆ ಸೇರಿ ಬರುತ್ತದೆ, ಕೆಲವು ವರ್ಷ ಶಾಲೆ ಶುರುವಾದ ಮೇಲೆ ಬರುತ್ತದೆ. ಕ್ಯಾಲೆಂಡರ್ ನೋಡಿಕೊಳ್ಳಿ.

ಡಿಸೆಂಬರ್ ಬಗ್ಗೆ ಎಲ್ಲರೂ ಕೇಳುತ್ತಾರೆ. ಕ್ರಿಸ್ಮಸ್ಸಿಗೆ ಊರು ತುಂಬಿರುತ್ತದೆ, ಸಂಭ್ರಮ ಜಾಸ್ತಿ, ಟಿಕೆಟ್ ದರವೂ ಜಾಸ್ತಿ. ನವೆಂಬರ್‌ನಿಂದ ಏಪ್ರಿಲ್‌ವರೆಗೆ ಚಂಡಮಾರುತದ ಕಾಲ ಬೇರೆ. 2012ರ ಡಿಸೆಂಬರಿನಲ್ಲಿ ಇವಾನ್ ಚಂಡಮಾರುತ ಆಪಿಯಾವನ್ನು ಚೆನ್ನಾಗಿ ಹೊಡೆಯಿತು. ಚಿಕ್ಕ ಮಕ್ಕಳಿದ್ದರೆ ಮೊದಲ ಸಲಕ್ಕೆ ಡಿಸೆಂಬರ್ ಬೇಡ ಎನ್ನುವುದು ನನ್ನ ಅಭಿಪ್ರಾಯ.

ಇನ್ನೊಂದು ವಿಷಯ. ಅಲ್ಲಿಯ ಶಾಲಾ ರಜೆ ಇಲ್ಲಿಯ ರಜೆಗೆ ಹೊಂದದೇ ಇರಬಹುದು. ಆ ಮನೆಯ ಮಕ್ಕಳು ಬೆಳಗ್ಗೆ ಶಾಲೆಗೆ ಹೋಗುತ್ತಾರಾ ಎಂದು ಮೊದಲೇ ಕೇಳಿಕೊಂಡರೆ ದಿನ ಹೇಗೆ ಕಳೆಯುವುದು ಎಂಬ ಅಂದಾಜು ಸಿಗುತ್ತದೆ.

2. ಕಾಗದಪತ್ರ ಮತ್ತು ಟಿಕೆಟ್

ಆಕ್ಲೆಂಡಿನಿಂದ ಆಪಿಯಾಕ್ಕೆ ನೇರ ವಿಮಾನ, ಸುಮಾರು 4 ಗಂಟೆ. ಇಳಿಯುವುದು ಫಾಲೆಯೋಲೊ ನಿಲ್ದಾಣದಲ್ಲಿ, ಅದು ಆಪಿಯಾ ಪಟ್ಟಣದಿಂದ ಪಶ್ಚಿಮಕ್ಕೆ 35 ಕಿಲೋಮೀಟರ್‌ಗಿಂತ ಸ್ವಲ್ಪ ಆಚೆ. ವಿಸಿಟರ್ ಪರ್ಮಿಟ್ ಸಾಮಾನ್ಯವಾಗಿ ಬಂದಿಳಿದಾಗಲೇ ಕೊಡುತ್ತಾರೆ. 6 ತಿಂಗಳು ಬಾಕಿ ಇರುವ ಪಾಸ್‌ಪೋರ್ಟ್, ವಾಪಸ್ ಟಿಕೆಟ್, ಉಳಿಯುವ ಮನೆಯ ವಿಳಾಸ ಕೈಯಲ್ಲಿರಲಿ. ಭಾರತದ ಪಾಸ್‌ಪೋರ್ಟ್ ಇರುವವರು ಹೊರಡುವ ಮುನ್ನ ಸಮೋವಾ ವಲಸೆ ಇಲಾಖೆಯ ಈಗಿನ ನಿಯಮ ಒಮ್ಮೆ ನೋಡಿಬಿಡಿ.

ನಮ್ಮವರು ಪೇಚಿಗೆ ಸಿಲುಕುವುದು ಹೋಗುವಾಗ ಅಲ್ಲ, ವಾಪಸ್ ಬರುವಾಗ. ನ್ಯೂಜಿಲೆಂಡಿನ ರೆಸಿಡೆಂಟ್ ವೀಸಾದಲ್ಲಿ 'ಟ್ರಾವೆಲ್ ಕಂಡಿಷನ್' ಎಂದು ಒಂದು ದಿನಾಂಕ ಇರುತ್ತದೆ, ದೇಶದ ಹೊರಗೆ ಹೋಗಿ ಮತ್ತೆ ಒಳಬರಲು ಎಲ್ಲಿಯವರೆಗೆ ಅನುಮತಿ ಎಂದು ಹೇಳುವ ಸಾಲು ಅದು. ಅದು ಮುಗಿದಿದ್ದರೆ ಹೊರಗೆ ಕಾಲಿಡಬೇಡಿ, ಮೊದಲು ಸರಿಮಾಡಿಸಿಕೊಳ್ಳಿ. ಭಾರತದಿಂದ ಬಂದ ಅಪ್ಪ ಅಮ್ಮನನ್ನೂ ಕರೆದುಕೊಂಡು ಹೋಗುವುದಾದರೆ ಅವರ ವೀಸಾ ಒಂದಕ್ಕಿಂತ ಹೆಚ್ಚು ಸಲ ಒಳಬರಲು ಬಿಡುತ್ತದೆಯೇ ನೋಡಿ.

ಮಗುವನ್ನು ಮಾತ್ರ ಆ ಮನೆಯವರ ಜೊತೆ ಕಳಿಸುತ್ತೀರಾ? ಹಾಗಿದ್ದರೆ ತಂದೆ ತಾಯಿ ಇಬ್ಬರೂ ಸಹಿ ಮಾಡಿದ ಒಪ್ಪಿಗೆ ಪತ್ರ, ನಿಮ್ಮ ಫೋನ್ ನಂಬರ್, ಅಲರ್ಜಿ ಇದ್ದರೆ ಅದರ ವಿವರ, ಚಿಕಿತ್ಸೆಗೆ ಒಪ್ಪಿಗೆ, ಇಷ್ಟನ್ನೂ ಬರೆದು ಕೊಡಿ.

ಟಿಕೆಟ್ ಹುಡುಕುವಾಗ ಅಮೆರಿಕನ್ ಸಮೋವಾದ ಪಾಂಗೊ ಪಾಂಗೊ ಕಣ್ಣಿಗೆ ಬಿದ್ದರೆ ಮೋಸ ಹೋಗಬೇಡಿ. ಅದು ಅಮೆರಿಕದ ಪ್ರದೇಶ, ಅನುಮತಿಯೇ ಬೇರೆ. ದಿನಾಂಕವೂ ಬೇರೆ, ಏಕೆಂದರೆ ಸಮೋವಾ 2011ರಲ್ಲಿ ಡಿಸೆಂಬರ್ 30ನ್ನೇ ಬಿಟ್ಟು ದಿನಾಂಕ ರೇಖೆಯ ಈಚೆಗೆ ಜಿಗಿಯಿತು, ಅವರು ಆಚೆಯೇ ಉಳಿದರು. ನಮ್ಮ ಲೆಕ್ಕಕ್ಕೆ ಇದರಿಂದ ಅನುಕೂಲವೇ: ಜುಲೈಯಲ್ಲಿ ಆಪಿಯಾ ಗಡಿಯಾರ ಆಕ್ಲೆಂಡಿಗಿಂತ 1 ಗಂಟೆ ಮುಂದೆ, ಬೇಸಿಗೆಯಲ್ಲಿ ಎರಡೂ ಒಂದೇ.

3. ಹಣ ಮತ್ತು ಉಡುಗೊರೆಯ ಮಾತು

ಇದನ್ನು ಮುಜುಗರವಿಲ್ಲದೆ ಮೊದಲೇ ಆಡಿ ಮುಗಿಸಿ. ಸಮೋವನ್ ಮನೆಯಲ್ಲಿ ಅತಿಥಿಯಿಂದ ಬಾಡಿಗೆ ಕೇಳುವುದಿಲ್ಲ, ನೀವು ಕೇಳಿದರೂ "ಏನೂ ಬೇಡ" ಎನ್ನುತ್ತಾರೆ. ಹಾಗೆಂದು ಬರಿಗೈಯಲ್ಲಿ ಹೋಗುವುದಲ್ಲ. ಹೋದ ಕೂಡಲೇ ಮನೆಗೆ ದಿನಸಿ ಕೊಡಿ: ಅಕ್ಕಿ ಮೂಟೆ, ಸಕ್ಕರೆ, ಬೆಣ್ಣೆ, ಬಿಸ್ಕತ್ತಿನ ದೊಡ್ಡ ಡಬ್ಬ. ಎಲ್ಲ ಆಪಿಯಾದಲ್ಲೇ ಸಿಗುತ್ತದೆ, ಇಲ್ಲಿಂದ ಹೊರಬೇಕಿಲ್ಲ. ಹೊರಡುವಾಗ ಮನೆಯ ಹಿರಿಯರ ಕೈಗೆ ಒಂದು ಲಕೋಟೆ. ಎಷ್ಟು ಹಾಕಬೇಕು ಎಂದು ಕರೆದವರನ್ನೇ, ಅಂದರೆ ಆಕ್ಲೆಂಡಿನ ನಿಮ್ಮ ಗೆಳೆಯರನ್ನೇ ಕೇಳಿ. ಅವರಿಗೆ ಅಲ್ಲಿಯ ಲೆಕ್ಕ ಗೊತ್ತು, ನಿಮ್ಮ ಪರಿಸ್ಥಿತಿಯೂ ಗೊತ್ತು.

ಫಾಅಲವೆಲವೆ ಎಂಬ ಮಾತು ಕಿವಿಗೆ ಬಿದ್ದೇ ಬೀಳುತ್ತದೆ. ಸಾವು, ಮದುವೆ, ಮತಾಯಿ ಬಿರುದು ಕೊಡುವ ಸಮಾರಂಭ, ಹೀಗೆ ಇಡೀ ಐಂಗಾ ದುಡ್ಡು, ನಯವಾದ ಚಾಪೆ, ಊಟದ ಸಾಮಾನು ಹೊಂದಿಸಬೇಕಾದ ಸಂದರ್ಭ ಅದು. ಅಂಥದ್ದು ಬಂತೆಂದರೆ ನಾಳೆಯ ಬೀಚ್ ಪ್ಲಾನ್ ಬಿದ್ದುಹೋಯಿತು ಎಂದೇ ತಿಳಿಯಿರಿ. ಮುಖ ಸಣ್ಣ ಮಾಡಿಕೊಳ್ಳಬೇಡಿ. ಅದಕ್ಕೇ ಹೇಳುವುದು, ದಿನಕ್ಕೊಂದು ಜಾಗ ಎಂದು ಬಿಗಿಯಾಗಿ ತುಂಬಬೇಡಿ, ನಡುವೆ ಖಾಲಿ ದಿನ ಬಿಡಿ.

ಅಲ್ಲಿಯ ಹಣ ತಾಲಾ, ಚಿಲ್ಲರೆ ಸೆನೆ. ಬೀಚಿನ ಶುಲ್ಕಕ್ಕೂ ಬಸ್ಸಿಗೂ ಸಣ್ಣ ನೋಟು, ನಾಣ್ಯ ಬೇಕು. ಆಪಿಯಾ ಇರುವ ದ್ವೀಪದ ಪಕ್ಕದ ಸವಾಯಿ ದ್ವೀಪಕ್ಕೆ ಹೋಗುವ ಮುನ್ನ ಆಪಿಯಾದಲ್ಲೇ ಹಣ ತೆಗೆದಿಟ್ಟುಕೊಳ್ಳಿ.

4. ಪೆಟ್ಟಿಗೆಯಲ್ಲಿ ಏನಿರಬೇಕು

ಎಲ್ಲರಿಗೂ ಒಂದೊಂದು ಲವಲವ, ಭುಜ ಮುಚ್ಚುವ ಟೀ ಶರ್ಟು, ಭಾನುವಾರಕ್ಕೆ ಒಳ್ಳೆಯ ಬಟ್ಟೆ. ಸಾಧ್ಯವಾದರೆ ಅದು ಬಿಳಿ ಬಣ್ಣದ್ದಾಗಿರಲಿ. ನೀರಿಗಿಳಿಯುವಾಗ ಹಾಕಲು ರಬ್ಬರ್ ಶೂ ಬೇಕೇ ಬೇಕು, ಹವಳದ ದಿಬ್ಬ ಕಾಲು ಕೊಯ್ಯುತ್ತದೆ, ಆ ಗಾಯ ಬೇಗ ಮಾಯುವುದಿಲ್ಲ. ಮಲೇರಿಯಾ ಅಲ್ಲಿ ಇಲ್ಲ, ಆದರೆ ಡೆಂಗಿ ಇದೆ, ಹಗಲಲ್ಲೂ ಸೊಳ್ಳೆ ಔಷಧಿ ಹಚ್ಚಬೇಕು. 2019ರಲ್ಲಿ ದಡಾರ ಹರಡಿ 83 ಜನ ಸತ್ತರು, ಹೆಚ್ಚಿನವರು ಪುಟ್ಟ ಮಕ್ಕಳು. ನಿಮ್ಮ ಮಕ್ಕಳ ಎಂಎಂಆರ್ ಲಸಿಕೆ ಪೂರ್ತಿ ಆಗಿದೆಯೇ ನೋಡಿಕೊಂಡೇ ಹೊರಡಿ. ಓಆರ್‌ಎಸ್ ಪುಡಿ, ಜ್ವರದ ಔಷಧಿ, ಗಾಯದ ಮುಲಾಮು ಇರಲಿ. ಪ್ಲಗ್ ನ್ಯೂಜಿಲೆಂಡಿನದೇ ಮಾದರಿ. ಕಾರು ಬಾಡಿಗೆಗೆ ಪಡೆಯುವುದಾದರೆ ಮಗುವಿನ ಸೀಟನ್ನು ಇಲ್ಲಿಂದಲೇ ಒಯ್ಯಿರಿ.

ಮಕ್ಕಳಿಗೆ ಉಡುಗೊರೆ ಎಂದರೆ ಚೆಂಡು, ಬಣ್ಣದ ಪೆನ್ಸಿಲ್ ಸಾಕು. ನಮ್ಮ ಮಕ್ಕಳು ಅಲ್ಲಿ ಮೊದಲು ಸೇರಿಕೊಳ್ಳುವುದು ಕಿಲಿಕಿಟಿ ಆಟಕ್ಕೆ. ಅದು ಅಲ್ಲಿಯ ಕ್ರಿಕೆಟ್, ಮೂರು ಮೈಯ ದಪ್ಪ ಬ್ಯಾಟು, ರಬ್ಬರ್ ಚೆಂಡು, ತಂಡದಲ್ಲಿ ಎಷ್ಟು ಜನ ಎಂಬ ಲೆಕ್ಕ ಯಾರೂ ಇಡುವುದಿಲ್ಲ.

5. ಮನೆಯಲ್ಲಿ, ಊರಲ್ಲಿ

ಫಾಲೆಯೊಳಗೆ ಚಪ್ಪಲಿ ಇಲ್ಲ. ಚಕ್ಕಳಮಕ್ಕಳ ಹಾಕಿ ಕೂರಿ, ಕಾಲು ಚಾಚಿದರೆ ಪಾದದ ಮೇಲೆ ಚಾಪೆಯೋ ಬಟ್ಟೆಯೋ ಹೊದ್ದಿಸಿ. ಹಿರಿಯರು ಕುಳಿತಿರುವಾಗ ನಿಂತುಕೊಂಡು ಮಾತಾಡಬೇಡಿ. ಅವರ ಮುಂದೆ ಹಾಯಬೇಕಾದರೆ ಬೆನ್ನು ಬಗ್ಗಿಸಿ "ತುಲೋ" ಎನ್ನಿ. ಇದನ್ನು ಮಕ್ಕಳಿಗೆ ಮನೆಯಲ್ಲೇ ಅಭ್ಯಾಸ ಮಾಡಿಸಿ, ಅಲ್ಲಿ ಅವರು ಒಮ್ಮೆ ಹೇಳಿದರೆ ಸಾಕು, ಅಜ್ಜಿಯರೆಲ್ಲ ಕರಗಿಹೋಗುತ್ತಾರೆ. ಊರಿನ ದಾರಿಯಲ್ಲಿ ತಿನ್ನುತ್ತಾ ನಡೆಯುವುದು ಚೆನ್ನಾಗಿ ಕಾಣುವುದಿಲ್ಲ. ಈಜುಡುಗೆ ಬೀಚಿಗಷ್ಟೇ, ಊರೊಳಗೆ ಬರುವಾಗ ಲವಲವ ಸುತ್ತಿಕೊಳ್ಳಿ.

ಸಂಜೆ 6ರಿಂದ 7ರ ನಡುವೆ ಶಂಖವೋ ಗಂಟೆಯೋ ಕೇಳಿಸುತ್ತದೆ. ಅದು 'ಸಾ', ಮನೆಮನೆಯಲ್ಲಿ ಪ್ರಾರ್ಥನೆಯ ಹೊತ್ತು, ಹತ್ತಿಪ್ಪತ್ತು ನಿಮಿಷ. ಆಗ ಊರೊಳಗೆ ಓಡಾಡಬಾರದು. ಲವಲವ ಉಟ್ಟ ಊರಿನ ಯುವಕರು ರಸ್ತೆ ಬದಿ ಕಾವಲು ನಿಂತಿರುತ್ತಾರೆ. ನೀವು ಹೊರಗಿದ್ದರೆ ಇದ್ದಲ್ಲೇ ಕುಳಿತುಬಿಡಿ. ಮಕ್ಕಳು ಬೀಚಿನಿಂದ ಕಿರುಚಾಡುತ್ತಾ ಓಡಿಬರುವುದು ಸರಿಯಾಗಿ ಇದೇ ಹೊತ್ತಿಗೆ, ಆದ್ದರಿಂದ ಐದೂವರೆಗೇ ಮನೆ ಸೇರಿಸಿ.

6. ಊಟ

ಸಸ್ಯಾಹಾರಿಗಳ ಚಿಂತೆ ಇಲ್ಲಿಯೇ ಜಾಸ್ತಿ, ಆದರೆ ಉಪವಾಸ ಬೀಳುವುದಿಲ್ಲ. ಕೆಸುವಿನ ಗೆಡ್ಡೆ, ದೀವಿಹಲಸು, ಬಾಳೆಕಾಯಿ, ತೆಂಗಿನ ಹಾಲು, ಪಪ್ಪಾಯಿ, ಇವೇ ಅಲ್ಲಿಯ ದಿನದ ಊಟ. ಕರಾವಳಿಯವರಿಗಂತೂ ಅಡುಗೆಮನೆಯ ವಾಸನೆಯೇ ಪರಿಚಿತ ಎನ್ನಿಸುತ್ತದೆ. ಕೆಸುವಿನ ಎಳೆ ಎಲೆಯಲ್ಲಿ ಗಟ್ಟಿ ತೆಂಗಿನ ಹಾಲು, ಈರುಳ್ಳಿ ಹಾಕಿ ಮಡಚಿ ಬೇಯಿಸುವ ಪಲುಸಾಮಿ ಪತ್ರೊಡೆಯ ದೂರದ ನೆಂಟನಂತಿದೆ, ಹುಳಿ ಖಾರ ಮಾತ್ರ ಇಲ್ಲ.

ಎಚ್ಚರಿಕೆ ಎರಡು. ಪಲುಸಾಮಿಗೆ ಕೆಲವರು ಪಿಸುಪೊ, ಅಂದರೆ ಡಬ್ಬಿಯ ದನದ ಮಾಂಸ ಸೇರಿಸುತ್ತಾರೆ. ಎಲೆ ಬಿಚ್ಚಿದ ಮೇಲೆ ಗೊತ್ತಾಗಿ ತಟ್ಟೆ ದೂಡುವುದಕ್ಕಿಂತ ಮೊದಲೇ ಕೇಳುವುದು ಒಳ್ಳೆಯದು. ಎರಡನೆಯದು ಉಮು. ಕಾದ ಕಲ್ಲುಗಳ ಮೇಲೆ ಎಲ್ಲವನ್ನೂ ಒಟ್ಟಿಗೆ ಜೋಡಿಸಿ ಬಾಳೆಎಲೆ ಮುಚ್ಚಿ ಬೇಯಿಸುವ ಒಲೆ ಅದು. ಹಂದಿ, ಮೀನು, ಕೆಸುವಿನ ಗೆಡ್ಡೆ ಎಲ್ಲ ಒಂದೇ ಕಡೆ. ಅದು ನಿಮಗೆ ಆಗದು ಎಂದಾದರೆ ಗೆಡ್ಡೆ, ಬಾಳೆಕಾಯಿಯನ್ನು ಪಾತ್ರೆಯಲ್ಲಿ ತೆಂಗಿನ ಹಾಲಿನ ಜೊತೆ ಬೇಯಿಸುವ ಫಾಅಲಿಫು ಮಾಡಬಹುದೇ ಎಂದು ಕೇಳಿ. ಬರೀ "ನಾವು ವೆಜಿಟೇರಿಯನ್" ಎಂದರೆ ಸಾಲದು, ಕೋಳಿಯೂ ಮೀನೂ ಬೇಡ ಎಂದು ಬಿಡಿಸಿ ಹೇಳಿ. ಈ ಮಾತನ್ನು ಆಕ್ಲೆಂಡಿನ ಗೆಳೆಯರ ಬಾಯಲ್ಲೇ ಮುಂಚೆ ಹೇಳಿಸಿದರೆ ಇನ್ನೂ ಒಳ್ಳೆಯದು, ನಿಮಗೆಂದೇ ಹಂದಿ ಕಡಿದ ಮೇಲೆ ಹೇಳುವುದು ಯಾರಿಗೂ ಬೇಡ.

ಬೆಳಗ್ಗೆ ಕೊಕೊ ಸಮೋವಾ, ಹುರಿದು ಕುಟ್ಟಿದ ಕೋಕೋ ಬೀಜದ ಗಟ್ಟಿ ಪಾನೀಯ. ತೆಂಗಿನ ಹಾಲಿನಲ್ಲಿ ಬೇಯಿಸಿದ ಪಾನಿಪೊಪೊ ಬನ್ನು ಮಕ್ಕಳು ಬಿಡುವುದೇ ಇಲ್ಲ. ಉಪ್ಪಿನಕಾಯಿ ಬಾಟಲಿ ಒಯ್ಯುವುದಾದರೆ ಕಸ್ಟಮ್ಸ್‌ನಲ್ಲಿ ತೋರಿಸಿ. ಅತಿಥಿಗಳಿಗೆ ಮೊದಲು ಬಡಿಸಿ ಮನೆಯವರು ಆಮೇಲೆ ಕೂರುವುದು ಅಲ್ಲಿಯ ಪದ್ಧತಿ, ಹಾಗಾಗಿ ತಟ್ಟೆಯೆಲ್ಲ ಖಾಲಿ ಮಾಡುವ ಹಟ ಬೇಡ, ಉಳಿದದ್ದನ್ನು ಇನ್ನೊಬ್ಬರು ಉಣ್ಣುತ್ತಾರೆ. ನೀರು ಮಾತ್ರ ಕುದಿಸಿದ್ದು ಇಲ್ಲವೇ ಬಾಟಲಿಯದು.

7. ಭಾನುವಾರ

ಭಾನುವಾರಕ್ಕೆ ಏನೂ ಪ್ಲಾನ್ ಹಾಕಬೇಡಿ. ಬಸ್ಸು ಇಲ್ಲದಷ್ಟು ಕಡಿಮೆ, ಅಂಗಡಿ ಬಹುಪಾಲು ಮುಚ್ಚಿರುತ್ತವೆ, ಕೆಲವು ಊರುಗಳಲ್ಲಿ ಈಜುವುದಕ್ಕೂ ಬಿಡುವುದಿಲ್ಲ. ನಸುಕಿಗೇ ಹುಡುಗರು ಉಮು ಹಚ್ಚುತ್ತಾರೆ, ಊರೆಲ್ಲ ಹೊಗೆ. ಆಮೇಲೆ ಚರ್ಚು, ಬಳಿಕ ತೊಓನಾಯಿ ಎನ್ನುವ ದೊಡ್ಡ ಊಟ, ಅದಾದ ಮೇಲೆ ನಿದ್ದೆ.

ಚರ್ಚಿಗೆ ಹೋಗಬೇಕಾ ಎಂದು ಕೇಳುವವರು ಬಹಳ. ಬಲವಂತ ಇಲ್ಲ, ಆದರೆ ಆ ಮನೆಯಲ್ಲಿ ಉಳಿದುಕೊಂಡಿದ್ದರೆ ಒಮ್ಮೆ ಹೋಗಿ ಹಿಂದಿನ ಸಾಲಿನಲ್ಲಿ ಕೂತು ಬನ್ನಿ. ಅವರ ಗುಂಪು ಹಾಡು ಕೇಳುವುದಕ್ಕಾದರೂ ಹೋಗಬೇಕು. ಕಾಣಿಕೆಗೆ ಸಣ್ಣ ನೋಟು ಇಟ್ಟುಕೊಳ್ಳಿ. ಕೆಲವು ಚರ್ಚುಗಳಲ್ಲಿ ಯಾವ ಮನೆಯವರು ಎಷ್ಟು ಕೊಟ್ಟರು ಎಂದು ಗಟ್ಟಿಯಾಗಿ ಓದುತ್ತಾರೆ, ಗಾಬರಿ ಬೀಳಬೇಡಿ. ಮನೆಯವರು ಮಲಗಿದ ಹೊತ್ತಿನಲ್ಲಿ ಕಾರಿದ್ದರೆ ಆಪಿಯಾದ ಮೇಲಿನ ಗುಡ್ಡದಲ್ಲಿ, ತಿಯಾಪಾಪಾತಾದಲ್ಲಿರುವ ಬಹಾಯಿ ಮಂದಿರಕ್ಕೆ ಹೋಗಿಬರಬಹುದು. 1984ರಲ್ಲಿ ತೆರೆದದ್ದು, ನಮ್ಮ ದೆಹಲಿಯ ಕಮಲದ ಮಂದಿರಕ್ಕಿಂತ ಎರಡು ವರ್ಷ ಹಳೆಯದು. ಸುತ್ತ ತೋಟ, ಒಳಗೆ ಮೌನ.

8. ಸುತ್ತಾಟ

ಕಾರು ಎಡಗಡೆಯೇ ಓಡಿಸುವುದು, 2009ರ ಸೆಪ್ಟೆಂಬರ್ 7ರಿಂದ ಹಾಗೆ ಬದಲಾಯಿಸಿಕೊಂಡರು. ಅಲ್ಲಿಯ ತಾತ್ಕಾಲಿಕ ಲೈಸೆನ್ಸ್ ತೆಗೆದುಕೊಳ್ಳಬೇಕು, ಸಾಮಾನ್ಯವಾಗಿ ಕಾರು ಕೊಡುವವರೇ ಮಾಡಿಸಿಕೊಡುತ್ತಾರೆ. ವೇಗದ ಮಿತಿ ಕಡಿಮೆ, ಊರುಗಳಲ್ಲಿ ಗಂಟೆಗೆ 40 ಕಿಲೋಮೀಟರ್. ಮ್ಯಾಪ್‌ನಲ್ಲಿ ಹತ್ತಿರ ಕಂಡದ್ದೆಲ್ಲ ಹತ್ತಿರವಲ್ಲ, ಆಪಿಯಾದಿಂದ ಆಗ್ನೇಯ ತುದಿಯ ಲಾಲೊಮನು ಬೀಚಿಗೆ ಒಂದೂವರೆ ಗಂಟೆ ಹಿಡಿಯುತ್ತದೆ. ಕತ್ತಲಾದ ಮೇಲೆ ರಸ್ತೆಯಲ್ಲಿ ನಾಯಿ, ಹಂದಿ, ಹರಟೆ ಹೊಡೆಯುತ್ತಾ ನಡೆಯುವ ಜನ. ಭಾರತದಲ್ಲಿ ಡ್ರೈವ್ ಮಾಡಿದವರಿಗೆ ಇದು ಹೊಸದಲ್ಲ ಬಿಡಿ, ಆದರೂ ರಾತ್ರಿ ಬೇಡ. ಪಿಕಪ್‌ನ ಹಿಂದೆ ಮಕ್ಕಳನ್ನೆಲ್ಲ ಕೂರಿಸಿಕೊಂಡು ಹೊರಡುವುದು ಅಲ್ಲಿ ಸಾಮಾನ್ಯ. ನಿಮ್ಮ ಮಕ್ಕಳ ಮಟ್ಟಿಗೆ ನಗುನಗುತ್ತಲೇ ಬೇಡ ಎನ್ನಿ.

ಬಣ್ಣಬಣ್ಣದ ಮರದ ಬಸ್ಸು ಒಮ್ಮೆಯಾದರೂ ಹತ್ತಿಸಿ. ವೇಳಾಪಟ್ಟಿ ಎಂಬುದಿಲ್ಲ, ಹಾಡು ಜೋರು, ಸೀಟು ತುಂಬಿದರೆ ಒಬ್ಬರ ತೊಡೆಯ ಮೇಲೆ ಇನ್ನೊಬ್ಬರು. ಆದರೆ ವಾಪಸ್ ಬಸ್ಸು ಎಷ್ಟು ಹೊತ್ತಿಗೆ ಎಂದು ಇಳಿಯುವ ಮುನ್ನವೇ ಚಾಲಕನನ್ನು ಕೇಳಿ, ಮಧ್ಯಾಹ್ನದ ಮೇಲೆ ಸಿಗುತ್ತದೆ ಎಂಬ ಭರವಸೆ ಇಲ್ಲ.

ಬೀಚು, ಜಲಪಾತ, ಕೊಳ ಎಲ್ಲವೂ ಯಾವುದೋ ಊರಿನ ಅಥವಾ ಮನೆತನದ ಜಾಗ. ಒಳಹೋಗಲು ಶುಲ್ಕ ಇರುತ್ತದೆ. ಚೌಕಾಸಿ ಮಾಡಬೇಡಿ, ಅದು ಆ ಊರಿನ ಹಕ್ಕು. ಮಕ್ಕಳಿರುವವರಿಗೆ ನಾನು ಮೊದಲು ಹೇಳುವುದು ಪಿಯುಲಾ ಗುಹೆಯ ಸಿಹಿನೀರಿನ ಕೊಳ, ಭಾನುವಾರ ಮುಚ್ಚಿರುತ್ತದೆ. ಲೋಟೊಫಾಂಗಾದ ತೊ ಸುವಾ ಎಲ್ಲರ ಫೋಟೋದಲ್ಲೂ ಇರುತ್ತದೆ, ನೆಲದಲ್ಲಿ ಸುಮಾರು 30 ಮೀಟರ್ ಆಳದ ಗುಂಡಿ, ಕೆಳಗೆ ಸಮುದ್ರದ ನೀರು. ಇಳಿಯಲು ಇರುವುದು ಕಡಿದಾದ ಒದ್ದೆ ಏಣಿ. ಪುಟ್ಟ ಮಕ್ಕಳಿದ್ದರೆ ಮೇಲಿನ ತೋಟದಿಂದಲೇ ನೋಡಿ ಬನ್ನಿ, ನಷ್ಟವೇನಿಲ್ಲ. ಪಾಪಸೆಏಯಾ ಜಾರುಬಂಡೆಗೆ ಜುಲೈಯಲ್ಲಿ ಹೋಗುವವರು ನೀರು ಸಾಕಷ್ಟಿದೆಯೇ ಎಂದು ಬಾಗಿಲಲ್ಲೇ ಕೇಳಿ, ನೀರು ಕಡಿಮೆ ಇದ್ದಾಗ ಜಾರಿದರೆ ಬೆನ್ನು ಒಡೆಯುತ್ತದೆ.

ಸವಾಯಿ ದ್ವೀಪಕ್ಕೆ ಮುಲಿಫಾನುವಾದಿಂದ ಸಲೆಲೊಲೊಂಗಾಕ್ಕೆ ಹಡಗು, ಒಂದರಿಂದ ಒಂದೂವರೆ ಗಂಟೆ. ನಡೆದು ಹತ್ತುವವರಿಗೆ ಬಂದರಿನಲ್ಲೇ ಟಿಕೆಟ್ ಸಿಗುತ್ತದೆ. ಕಾರಿಗೆ ಮಾತ್ರ ಮೊದಲೇ ಬುಕ್ ಮಾಡಿ, ರಜೆಯಲ್ಲಿ ಜಾಗ ಸಿಗುವುದಿಲ್ಲ. ಬಾಡಿಗೆ ಕಾರನ್ನು ಹಡಗಿಗೆ ಹತ್ತಿಸಲು ಒಪ್ಪಿಗೆ ಇದೆಯೇ ಕೇಳಿಕೊಳ್ಳಿ. ಹತ್ತಿಸುವ ಮುನ್ನ ಕಾರಿನ ತಳ ತೊಳೆಸಬೇಕು, ಆಫ್ರಿಕಾದ ದೊಡ್ಡ ಬಸವನಹುಳು ಆ ದ್ವೀಪಕ್ಕೆ ದಾಟದಿರಲಿ ಎಂದು, ಅದಕ್ಕಾಗಿ ಬೇಗ ಹೋಗಿ. ಸವಾಯಿಯಲ್ಲಿ ಒಂದು ರಾತ್ರಿಯಾದರೂ ಉಳಿಯಿರಿ. ಮನಾಸೆಯ ಬೀಚ್ ಫಾಲೆಗಳಲ್ಲಿ ಹಾಸಿಗೆ, ಸೊಳ್ಳೆಪರದೆ, ಸಾಮಾನ್ಯವಾಗಿ ಎರಡು ಹೊತ್ತಿನ ಊಟ ಸೇರಿರುತ್ತದೆ, ಸ್ನಾನಕ್ಕೆ ತಣ್ಣೀರು. ಸಲೆಯಾಉಲಾದಲ್ಲಿ 1905ರಿಂದ 1911ರವರೆಗೆ ಮತವಾನು ಜ್ವಾಲಾಮುಖಿ ಉಗುಳಿದ ಲಾವಾ ಕಪ್ಪಗೆ ಹೆಪ್ಪುಗಟ್ಟಿ ಬಿದ್ದಿದೆ, ಚರ್ಚಿನೊಳಗೂ ನುಗ್ಗಿದ್ದು ಈಗಲೂ ಕಾಣುತ್ತದೆ. ತಾಂಗಾದ ಅಲೊಫಾಂಗಾ ಬಳಿ ಅಲೆ ಬಂಡೆಯ ತೂತಿನಿಂದ ಎತ್ತರಕ್ಕೆ ಚಿಮ್ಮುತ್ತದೆ. ಬಂಡೆ ಜಾರುತ್ತದೆ, ಮಕ್ಕಳ ಕೈ ಬಿಡಬೇಡಿ.

9. ಸಮುದ್ರದ ವಿಷಯ

ಹವಳದ ದಿಬ್ಬದ ಒಳಗಿನ ನೀರು ಶಾಂತವಾಗಿ ಕಾಣುತ್ತದೆ. ಆದರೆ ದಿಬ್ಬ ತುಂಡಾಗಿರುವ ಕಡೆ, ಅವರು 'ಅವಾ' ಎನ್ನುವ ಸಂದಿನಲ್ಲಿ, ನೀರು ಹೊರಗೆ ಎಳೆಯುತ್ತದೆ. ಎಲ್ಲಿ ಈಜಬಹುದು ಎಂದು ಆ ಊರಿನ ಮಕ್ಕಳನ್ನೇ ಕೇಳಿ. ಅವರು ಇಳಿಯದ ಕಡೆ ನೀವೂ ಇಳಿಯಬೇಡಿ. 2009ರ ಸೆಪ್ಟೆಂಬರ್ 29ರ ಸುನಾಮಿ ಹೊಡೆದದ್ದು ಲಾಲೊಮನು ಇರುವ ಇದೇ ದಕ್ಷಿಣ ಕರಾವಳಿಗೆ. ಉಳಿಯುವ ಜಾಗದಿಂದ ಗುಡ್ಡ ಹತ್ತುವ ದಾರಿ ಯಾವುದು ಎಂದು ಮೊದಲ ದಿನವೇ ಮಕ್ಕಳ ಜೊತೆ ನಡೆದು ನೋಡಿ. ಭೂಮಿ ಜೋರಾಗಿ ನಡುಗಿದರೆ ಸೈರನ್‌ಗೆ ಕಾಯದೆ ಮೇಲೆ ಹತ್ತಿ.

10. ವಾಪಸ್ ಬರುವಾಗ

ಬೀಳ್ಕೊಡುವಾಗ ಮನೆಯವರು ಕೆಸುವಿನ ಗೆಡ್ಡೆ, ಪಲುಸಾಮಿ, ಕೊಕೊ, ಹೆಣೆದ ಬೀಸಣಿಗೆ ಎಲ್ಲ ಕಟ್ಟಿ ಕೊಡುತ್ತಾರೆ. ಬೇಡ ಎನ್ನಲು ಆಗುವುದಿಲ್ಲ, ಅದಕ್ಕೇ ಹೋಗುವಾಗ ಒಂದು ಚೀಲ ಖಾಲಿ ಇಟ್ಟುಕೊಳ್ಳಿ, ತೂಕವನ್ನು ಮನೆಯಲ್ಲೇ ನೋಡಿಬಿಡಿ. ತಿನ್ನುವ ವಸ್ತು, ಸಸ್ಯ, ಚಿಪ್ಪು, ಮರದ ಸಾಮಾನು ಎಲ್ಲವನ್ನೂ ಆಕ್ಲೆಂಡಿನಲ್ಲಿ ಡಿಕ್ಲೇರ್ ಮಾಡಿ, ಅಂದರೆ ಫಾರ್ಮಿನಲ್ಲಿ ಇದೆ ಎಂದು ಬರೆದು ತೋರಿಸಿ. ತೋರಿಸಿದರೆ ಹೆಚ್ಚೆಂದರೆ ಒಂದೆರಡು ವಸ್ತು ತೆಗೆದುಕೊಳ್ಳುತ್ತಾರೆ, ತೋರಿಸದೆ ಸಿಕ್ಕಿಬಿದ್ದರೆ ಸ್ಥಳದಲ್ಲೇ 400 ಡಾಲರ್ ದಂಡ. ಮಗುವಿನ ಬ್ಯಾಗಿನಲ್ಲಿ ಮರೆತುಹೋದ ಬಾಳೆಹಣ್ಣಿಗೂ ಅಷ್ಟೇ, ಆದ್ದರಿಂದ ವಿಮಾನ ಇಳಿಯುವ ಮುನ್ನ ಮಕ್ಕಳ ಬ್ಯಾಗ್ ಒಮ್ಮೆ ತಡಕಿ. ಶೂಗಳ ತಳದ ಮಣ್ಣನ್ನು ಹೊರಡುವ ಹಿಂದಿನ ದಿನವೇ ಉಜ್ಜಿ ತೊಳೆದು ಒಣಗಿಸಿಡಿ, ಅದನ್ನೂ ತಿರುಗಿಸಿ ನೋಡುತ್ತಾರೆ.